ಸೈಕಲ್ ಸವಾರನ ಸಾವು ಮತ್ತು ಸಮಾಜದ ಹೊಣೆ

ಶಾಲೆಗೆಂದು ಸೈಕಲ್ ಏರಿ ಹೋದ ಮಗು ಮರಳಿ ಬಾರದಿದ್ದಾಗ, ಆ ಮನೆಗೆ ಸಾಂತ್ವನ ಹೇಳಲು ಬರುವವರ ಬಾಯಲ್ಲಿ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಅದರ ಆಯುಷ್ಯವೇ ಅಷ್ಟಿತ್ತು ಎಂಬುದು ಮೊದಲನೆಯದು. ಲಾರಿಯವನು ಕುಡಿದಿದ್ದನೋ ಏನೋ ಎಂಬುದು ಎರಡನೆಯದು. ಮಗು ಇನ್ನಷ್ಟು ಎಚ್ಚರದಿಂದ ಹೋಗಬೇಕಾಗಿತ್ತು ಎಂಬುದು ಮೂರನೆಯದು. ಹೀಗೆ ಹೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಆದರೆ ಈ ಮೂರು ಮಾತುಗಳಿಗೂ ಸಮಾನವಾದ ಒಂದು ಗುಣವಿದೆ. ಅವು ಆಡಿದವರನ್ನು ಎಲ್ಲ ಹೊಣೆಯಿಂದಲೂ ಬಿಡುಗಡೆ ಮಾಡುತ್ತವೆ. ಕೆಲವು ದಿನಗಳಲ್ಲಿ ಮನೆಯವರು ಮಗುವಿನ ಹೆಸರಿನಲ್ಲಿ ಬಸದಿಗೆ ಕಾಣಿಕೆ ಸಲ್ಲಿಸುತ್ತಾರೆ, ಶಾಲೆಯಲ್ಲಿ ಬಹುಮಾನವೊಂದನ್ನು ಇಡುತ್ತಾರೆ, ಅನ್ನದಾನ ಮಾಡಿಸುತ್ತಾರೆ. ಮಗು ಬಿದ್ದ ತಿರುವು ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಮರುದಿನ ಬೆಳಗ್ಗೆ ಅದೇ ತಿರುವಿನಲ್ಲಿ ಬೇರೆ ಮನೆಗಳ ಮಕ್ಕಳು ಅದೇ ಹೊತ್ತಿಗೆ ಸೈಕಲ್ ತುಳಿಯುತ್ತಾ ಸಾಗುತ್ತಾರೆ.

ಶೋಕವನ್ನು ಸಹನೆಯಿಂದ ನುಂಗಿಕೊಳ್ಳುವುದು ಸದ್ಗುಣವೆಂದು ಎಲ್ಲ ಸಮಾಜಗಳೂ ಒಪ್ಪಿವೆ. ಆದರೆ ತಡೆಯಬಹುದಾಗಿದ್ದ ಸಾವಿನ ಮುಂದೆ ಇಡೀ ಸಮಾಜವೇ ತಳೆಯುವ ಸಹನೆ ಸದ್ಗುಣವಲ್ಲ, ಅದು ಉದಾಸೀನ. ಮಗುವನ್ನು ಕಳೆದುಕೊಂಡ ತಾಯಿ ಮೌನವಾಗಿರಬಹುದು, ಅದು ಆಕೆಯ ಹಕ್ಕು. ಆಕೆಯ ಸುತ್ತಲಿನವರಿಗೆ ಆ ಹಕ್ಕಿಲ್ಲ. ಈ ಮಾತು ಕಟುವಾಗಿ ತೋರಬಹುದು. ಇದು ಬರಿಯ ಭಾವುಕತೆಯಲ್ಲ, ಕಾರ್ಯಸಾಧ್ಯವಾದ ನೀತಿ ಎಂಬುದಕ್ಕೆ ಐವತ್ತು ವರ್ಷಗಳ ಹಿಂದೆ ನೆದರ್ಲೆಂಡ್ಸ್ ದೇಶದಲ್ಲಿ ನಡೆದ ಸಂಗತಿಯೇ ಸಾಕ್ಷಿ.

ಒಬ್ಬ ತಂದೆಯ ಲೇಖನ

ನೆದರ್ಲೆಂಡ್ಸ್ ಇಂದು ಸೈಕಲ್ಲಿನ ನಾಡೆಂದು ಹೆಸರಾಗಿದೆ. ಅಲ್ಲಿನ ನೆಲ ಚಪ್ಪಟೆ, ಅಲ್ಲಿನ ಜನರಿಗೆ ಸೈಕಲ್ ಹುಟ್ಟುಗುಣ, ಆದ್ದರಿಂದ ಅದು ಅವರಿಗೆ ಸುಲಭ ಎಂದು ಹೇಳುವವರಿದ್ದಾರೆ. ಇದು ಅರ್ಧಸತ್ಯ. 1950 ಮತ್ತು 1960ರ ದಶಕಗಳಲ್ಲಿ ಆ ದೇಶದಲ್ಲಿಯೂ ಕಾರುಗಳ ಸಂಖ್ಯೆ ವೇಗವಾಗಿ ಬೆಳೆಯಿತು. ರಸ್ತೆಗಳಿಗೆ ಎಡೆಮಾಡಲು ಹಳೆಯ ಕೇರಿಗಳನ್ನು ಕೆಡವಲಾಯಿತು, ಚೌಕಗಳು ವಾಹನ ನಿಲ್ದಾಣಗಳಾದವು, ಸೈಕಲ್ ತುಳಿಯುವವರ ಪ್ರಮಾಣ ವರ್ಷದಿಂದ ವರ್ಷಕ್ಕೆ ಕುಸಿಯಿತು. ನೆಲ ಅಂದೂ ಚಪ್ಪಟೆಯಾಗಿಯೇ ಇತ್ತು. ಅದು ಯಾರನ್ನೂ ಕಾಪಾಡಲಿಲ್ಲ. 1970ರ ದಶಕದ ಆರಂಭದಲ್ಲಿ, ಸುಮಾರು 1 ಕೋಟಿ 30 ಲಕ್ಷ ಜನರಿದ್ದ ಆ ಪುಟ್ಟ ದೇಶದಲ್ಲಿ ವರ್ಷಕ್ಕೆ 3,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸಾಯುತ್ತಿದ್ದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು.

ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನ ಆರು ವರ್ಷದ ಮಗಳು ಅಂಥ ಮಕ್ಕಳಲ್ಲಿ ಒಬ್ಬಳು. 1971ರಲ್ಲಿ ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದಾಗ ಕಾರಿಗೆ ಸಿಕ್ಕಿ ಆಕೆ ತೀರಿಕೊಂಡಳು. ಮರುವರ್ಷ, 1972ರಲ್ಲಿ, ತಂದೆ ತಾನು ಕೆಲಸ ಮಾಡುತ್ತಿದ್ದ 'ಡ ಟೈಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಮಕ್ಕಳ ಈ ಕೊಲೆಯನ್ನು ನಿಲ್ಲಿಸಲು ಜನ ಒಂದುಗೂಡಿ ಸರಕಾರದ ಮೇಲೆ ಒತ್ತಡ ತರಬೇಕು ಎಂಬುದು ಅದರ ಸಾರ. 'ಸ್ಟಾಪ್ ದ ಕಿಂಡರ್‌ಮೋರ್ಟ್', ಅಂದರೆ 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬ ಅದರ ಘೋಷಣೆಯೇ ಮುಂದೆ ಚಳವಳಿಯ ಹೆಸರಾಯಿತು.

ಇಲ್ಲಿ ಬಳಸಿದ ಪದವನ್ನು ಗಮನಿಸಬೇಕು. ಅಪಘಾತ ಎನ್ನಲಿಲ್ಲ, ದುರ್ದೈವ ಎನ್ನಲಿಲ್ಲ, ಕೊಲೆ ಎಂದ. ಒಬ್ಬ ಚಾಲಕನನ್ನು ಕುರಿತ ಮಾತಾಗಿದ್ದರೆ ಅದು ಅತಿರೇಕವೆನಿಸುತ್ತಿತ್ತು. ಆದರೆ ವರ್ಷಕ್ಕೆ ನಾನೂರು ಮಕ್ಕಳು ಸಾಯುತ್ತಾರೆಂದು ಮೊದಲೇ ಗೊತ್ತಿದ್ದು, ಅದನ್ನು ವಾಹನ ಸಂಚಾರಕ್ಕೆ ತೆರಬೇಕಾದ ಸುಂಕದಂತೆ ಒಪ್ಪಿಕೊಂಡ ವ್ಯವಸ್ಥೆಯನ್ನು ಕುರಿತು ಆ ಪದ ಎತ್ತಲಾಗಿತ್ತು. ಗೊತ್ತಿದ್ದೂ ತಡೆಯದಿರುವುದಕ್ಕೆ ಸೌಮ್ಯವಾದ ಹೆಸರಿಟ್ಟಷ್ಟು ಕಾಲ ಅದು ನಡೆಯುತ್ತಲೇ ಇರುತ್ತದೆ.

ಶೋಕವನ್ನು ಹೊತ್ತವರು ಯಾರು?

ಈ ಚಳವಳಿಯಲ್ಲಿ ಬಹುಮುಖ್ಯವಾದ ಅಂಶವೊಂದಿದೆ. ಅದರ ಮೊದಲ ಅಧ್ಯಕ್ಷೆಯಾದವಳು ಮಾರ್ಟ್ಯೆ ಫಾನ್ ಪುಟ್ಟನ್. ಆಗ ಆಕೆ ಆಂಸ್ಟರ್ಡ್ಯಾಮ್ ನಗರದ ಒಬ್ಬ ತರುಣ ತಾಯಿ. ತನ್ನ ಕೇರಿಯಲ್ಲಿ ಮಕ್ಕಳಿಗೆ ಪೆಟ್ಟಾಗುವುದನ್ನು, ರಸ್ತೆಗಾಗಿ ಊರಿನ ಭಾಗಗಳನ್ನು ಕೆಡವುವುದನ್ನು ಕಂಡು ಆಕೆ ಮುಂದೆ ಬಂದಳು. ಮುಂದೆ 1989ರಿಂದ 1999ರವರೆಗೆ ಆಕೆ ಯುರೋಪಿನ ಸಂಸತ್ತಿನ ಸದಸ್ಯೆಯೂ ಆಗಿದ್ದಳು. ಮಗುವನ್ನು ಕಳೆದುಕೊಂಡ ತಂದೆ ಕರೆ ಕೊಟ್ಟ. ಇತರ ಮನೆಗಳ ತಾಯಂದಿರು ಅದನ್ನು ಹೊತ್ತು ನಡೆದರು. ಶೋಕವು ಒಂದೇ ಮನೆಯ ಸ್ವತ್ತಾಗಿ ಉಳಿಯದೆ ಊರಿನ ಹೊಣೆಯಾದದ್ದು ಹೀಗೆ.

ಅವರು ಮಾಡಿದ್ದು ಹಿಂಸೆಯ ಹೋರಾಟವಲ್ಲ. ಸೈಕಲ್ ಮೆರವಣಿಗೆ ನಡೆಸಿದರು. ಸಾವು ಸಂಭವಿಸುತ್ತಿದ್ದ ಸ್ಥಳಗಳಲ್ಲಿ ಗುಂಪಾಗಿ ನಿಂತರು. ಕೆಲವು ದಿನ ಬೀದಿಗಳನ್ನು ವಾಹನಗಳಿಗೆ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಬೀದಿಯೊಂದು ಹೇಗಿರಬಹುದೆಂಬುದನ್ನು ಕಣ್ಣಾರೆ ತೋರಿಸಿದರು. ಅಂದಿನ ಪ್ರಧಾನಿ ಯೋಪ್ ಡೆನ್ ಆಯ್ಲ್ ಅವರ ಮನೆಯ ಮುಂದೆ ಸೈಕಲ್ಲುಗಳಲ್ಲಿ ಹೋಗಿ ಹಾಡು ಹಾಡಿ ಮಕ್ಕಳಿಗೆ ಸುರಕ್ಷಿತ ಬೀದಿಗಳನ್ನು ಕೇಳಿದರು. ಪ್ರಧಾನಿ ಹೊರಬಂದು ಅವರ ಮಾತು ಕೇಳಿದರು. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಭಾನುವಾರಗಳಂದು ಕಾರು ಓಡಿಸುವುದನ್ನು ಸರಕಾರ ನಿಷೇಧಿಸಿದಾಗ, ರಸ್ತೆ ಮನುಷ್ಯರಿಗೂ ಸೇರಿದ್ದೆಂಬುದು ಎಲ್ಲರ ಅನುಭವಕ್ಕೂ ಬಂತು. 1975ರಲ್ಲಿ ಸೈಕಲ್ ಸವಾರರದೇ ಒಂದು ಸಂಘ ಹುಟ್ಟಿತು.

ಬರಿಯ ಘೋಷಣೆಯಾಗಿದ್ದರೆ ಈ ಎಲ್ಲವೂ ಮರೆತುಹೋಗುತ್ತಿತ್ತು. ಚಳವಳಿಗಾರರು ರಸ್ತೆಯ ರಚನೆಯನ್ನೇ ಕಲಿತರು, ಯೋಜನೆಗಳನ್ನು ಮುಂದಿಟ್ಟರು. ಮನೆಗಳ ನಡುವಿನ ಬೀದಿಗಳಲ್ಲಿ ವಾಹನ ನಡಿಗೆಯ ವೇಗದಲ್ಲಿ ಮಾತ್ರ ಸಾಗುವಂತೆ ತಿರುವು, ಉಬ್ಬು, ಗಿಡಮರಗಳನ್ನು ಅಳವಡಿಸಿದ 'ವೋನ್‌ಎರ್ಫ್' ಎಂಬ ವಾಸದ ಬೀದಿಗಳು ಡೆಲ್ಫ್ಟ್ ನಗರದಲ್ಲಿ ಮೊದಲು ರೂಪುಗೊಂಡಿದ್ದವು. 1976ರಲ್ಲಿ ಅವಕ್ಕೆ ಕಾನೂನಿನ ಮನ್ನಣೆ ದೊರೆಯಿತು. ದ ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಸರಕಾರದ ನೆರವಿನಿಂದ ಮಾದರಿ ಸೈಕಲ್ ಪಥಗಳನ್ನು ನಿರ್ಮಿಸಲಾಯಿತು. ಬಿಡಿ ಪಥವೊಂದರಿಂದ ಸಾಲದು, ಮನೆಯಿಂದ ಶಾಲೆಯವರೆಗೂ ಎಲ್ಲಿಯೂ ಕಡಿಯದ ಜಾಲವೇ ಬೇಕೆಂಬ ಪಾಠ ಕಲಿತು, ಮುಂದೆ ಡೆಲ್ಫ್ಟ್ ನಗರದಲ್ಲಿ ಇಡೀ ಊರಿಗೆ ಅಂಥ ಜಾಲವನ್ನು ಹೆಣೆಯಲಾಯಿತು. 1980ರ ದಶಕದಲ್ಲಿ ವಸತಿ ಪ್ರದೇಶಗಳಿಗೆ ಗಂಟೆಗೆ 30 ಕಿಲೋಮೀಟರ್ ವೇಗದ ಮಿತಿ ಬಂತು.

ಫಲ ಏನಾಯಿತು? ವಾಹನಗಳ ಸಂಖ್ಯೆ ಅನೇಕ ಪಟ್ಟು ಬೆಳೆದಿದ್ದರೂ, ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ರಸ್ತೆ ಸಾವುಗಳ ಸಂಖ್ಯೆ ವರ್ಷಕ್ಕೆ 700ರ ಆಸುಪಾಸಿನಲ್ಲಿದೆ. ಮಕ್ಕಳ ಸಾವು ನೂರುಗಳಿಂದ ಕೆಲವೇ ಹತ್ತುಗಳಿಗೆ ಇಳಿದಿದೆ. ಕೆಲಸ ಮುಗಿದಿದೆಯೆಂದು ಅಲ್ಲಿನವರೂ ಹೇಳುವುದಿಲ್ಲ. ಈಗ ಸಾಯುವವರಲ್ಲಿ ಸೈಕಲ್ ಸವಾರರೇ, ಅವರಲ್ಲಿಯೂ ವೃದ್ಧರೇ ಹೆಚ್ಚು. ಆದರೆ ಶಾಲೆಗೆ ಹೋದ ಮಗು ಮರಳಿ ಬರುತ್ತದೆಂಬ ಭರವಸೆ ಅಲ್ಲಿನ ತಾಯಂದಿರಿಗೆ ದೊರೆತಿದೆ. ಅದು ತಾನಾಗಿ ಬಂದದ್ದಲ್ಲ, ಕೇಳಿ ಪಡೆದದ್ದು.

ಕರ್ಮವೆಂಬ ನೆಪ

ಆಯುಷ್ಯ ಮುಗಿದಿತ್ತೆಂಬ ಮಾತಿಗೆ ಈಗ ಬರಬೇಕು. ಕರ್ಮಸಿದ್ಧಾಂತವನ್ನು ನಂಬುವವರೇ ಈ ಮಾತನ್ನು ಹೆಚ್ಚು ಆಡುವುದರಿಂದ ಇದನ್ನು ಅಲಕ್ಷಿಸುವಂತಿಲ್ಲ. ಆಯುಕರ್ಮವನ್ನು ಒಪ್ಪುವ ಶ್ರಾವಕನೂ ನೀರನ್ನು ಸೋಸಿಯೇ ಕುಡಿಯುತ್ತಾನೆ; ನೀರಿನ ಜೀವಿಗಳ ಆಯುಷ್ಯ ಮುಗಿದಿರಬಹುದೆಂದು ಸೋಸದೆ ಬಿಡುವುದಿಲ್ಲ. ದೀಪಕ್ಕೆ ಮುಚ್ಚಳ ಹಾಕುತ್ತಾನೆ. ಹುಳದ ಕರ್ಮವೆಂದು ತೆರೆದಿಡುವುದಿಲ್ಲ. ಕಣ್ಣಿಗೆ ಕಾಣದ ಜೀವಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವವನು ಸೈಕಲ್ ತುಳಿಯುವ ಮಗುವಿನ ವಿಷಯದಲ್ಲಿ ಮಾತ್ರ ಕರ್ಮದತ್ತ ಕೈ ತೋರಿಸುವುದಾದರೆ, ಅದು ಸಿದ್ಧಾಂತವಲ್ಲ, ನೆಪ.

ಹಿಂಸೆಯ ವಿವೇಚನೆಯಲ್ಲಿ ಜೈನ ಆಚಾರ್ಯರು ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಮೊದಲ ಸ್ಥಾನ ಕೊಟ್ಟಿರುವುದು ಪ್ರಸಿದ್ಧವಾಗಿಯೇ ಇದೆ. ಕೊಲ್ಲುವ ಇಚ್ಛೆಯಿರಲಿಲ್ಲ ಎಂಬ ಸಮರ್ಥನೆ ಅಲ್ಲಿ ಸಲ್ಲುವುದಿಲ್ಲ. ಶ್ರಾವಕರ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿಯಲ್ಲಿ ಪ್ರಮಾದಚರ್ಯೆಯನ್ನೂ ಹಿಂಸಾದಾನವನ್ನೂ ತ್ಯಜಿಸಬೇಕೆಂದು ವಿಧಿಸಲಾಗಿದೆ. ಹಿಂಸಾದಾನವೆಂದರೆ ಹಿಂಸೆಗೆ ಸಾಧನವಾಗುವ ವಸ್ತುವನ್ನು ಇತರರ ಕೈಗೆ ಕೊಡುವುದು. ಹಿಂದಿನವರು ಅದನ್ನು ಕತ್ತಿ, ವಿಷ, ಬೆಂಕಿಗಳಿಗೆ ಅನ್ವಯಿಸಿದರು. ಹದಿನೈದು ವರ್ಷದ ಮಗನ ಕೈಗೆ ಕಾರಿನ ಕೀಲಿಕೈ ಕೊಟ್ಟು ಹೆಮ್ಮೆಪಡುವ ತಂದೆಗೆ ಅದು ಅನ್ವಯಿಸುವುದಿಲ್ಲವೆ? ಹಿಂಬದಿಗೆ ಪ್ರತಿಫಲಕವನ್ನಾಗಲಿ ದೀಪವನ್ನಾಗಲಿ ಹಾಕಿಸದೆ ಕಬ್ಬು ತುಂಬಿದ ಟ್ರೇಲರನ್ನು ರಾತ್ರಿಯಲ್ಲಿ ಹೆದ್ದಾರಿಗೆ ಬಿಡುವ ರೈತನಿಗೆ? ಅಂಗಡಿಗೆ ಸರಕು ಬೇಗ ಬರಲಿ ಎಂದು ಚಾಲಕನಿಗೆ ನಿದ್ದೆಗೂ ಬಿಡುವು ಕೊಡದ ವರ್ತಕನಿಗೆ? ಮೊದಲನೆಯದನ್ನಂತೂ ದೇಶದ ಕಾನೂನೇ ಈಗ ಅಪರಾಧವೆಂದು ಸಾರಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ, ಅಪ್ರಾಪ್ತ ವಯಸ್ಸಿನವನು ಮಾಡಿದ ಅಪರಾಧಕ್ಕೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು.

ಎಚ್ಚರವನ್ನು ಕೇವಲ ಉಪದೇಶಿಸಿದರೆ ಸಾಲದೆಂಬುದಕ್ಕೆ ಸರಳ ಗಣಿತವೂ ಉಂಟು. ಅಪಾಯ ಕಂಡ ಚಾಲಕ ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಸಾಗಿ, ಒಣ ರಸ್ತೆಯಲ್ಲಿ ಒಟ್ಟು 13 ಮೀಟರ್ ದೂರದೊಳಗೆ ನಿಲ್ಲುತ್ತದೆ. 50 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿಯೇ 14 ಮೀಟರ್ ದಾಟಿರುತ್ತದೆ. ಮೊದಲನೆಯ ಕಾರು ನಿಂತ ಜಾಗದಲ್ಲಿ ಎರಡನೆಯದು ಬ್ರೇಕನ್ನೇ ಹಿಡಿದಿರುವುದಿಲ್ಲ. ಅದರ ಹೊಡೆತದ ಶಕ್ತಿಯೂ ಎರಡೂವರೆ ಪಟ್ಟಿಗಿಂತ ಹೆಚ್ಚು. ಇಬ್ಬರು ಚಾಲಕರೂ ಒಂದೇ ಬಗೆಯ ಸಜ್ಜನರಾಗಿರಬಹುದು. ಒಬ್ಬನ ಮುಂದಿನ ಮಗು ಬದುಕುತ್ತದೆ, ಮತ್ತೊಬ್ಬನ ಮುಂದಿನದು ಬದುಕುವುದಿಲ್ಲ. ಶಾಲೆಯ ಮುಂದಿನ ರಸ್ತೆಯನ್ನು ಅಗಲವಾಗಿ, ನೇರವಾಗಿ, ನುಣುಪಾಗಿ ಮಾಡಿ, 'ನಿಧಾನವಾಗಿ ಚಲಿಸಿ' ಎಂಬ ಫಲಕ ನೆಡುವುದು ಆತ್ಮವಂಚನೆ. ರಸ್ತೆಯೇ ವೇಗವನ್ನು ತಡೆಯುವಂತೆ ರಚಿತವಾಗಿರಬೇಕು.

ಆಕ್ಷೇಪಗಳು

ಅದು ಸಿರಿವಂತ ದೇಶ, ಇಲ್ಲಿ ಹಣವೆಲ್ಲಿದೆ ಎಂಬುದು ಒಂದು ಆಕ್ಷೇಪ. ಮೇಲ್ಸೇತುವೆಗಳಿಗೂ ರಸ್ತೆ ವಿಸ್ತರಣೆಗೂ ಹಣವಿರುವ ಕಡೆ, ಶಾಲೆಯ ಮುಂದೆ ಎತ್ತರಿಸಿದ ದಾಟುಪಟ್ಟಿ ಮಾಡಲು, ತಿರುವಿನ ಬಾಯಿಯನ್ನು ಕಿರಿದುಗೊಳಿಸಲು ಮಾತ್ರ ಹಣವಿಲ್ಲವೆನ್ನುವುದು ನಂಬತಕ್ಕ ಮಾತಲ್ಲ. ಕರ್ನಾಟಕ ಸರಕಾರವು 2006-07ರಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ವರ್ಷಗಟ್ಟಲೆ ನಡೆಸಿತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆ ತಲುಪಲು ಅದು ನೆರವಾಯಿತು, ಶ್ಲಾಘ್ಯವಾದ ಕೆಲಸವೇ. ಆದರೆ ಮಗುವಿನ ಕೈಗೆ ಸೈಕಲ್ ಕೊಟ್ಟವರು ಅದು ಸಾಗಬೇಕಾದ ದಾರಿಯ ವಿಷಯವನ್ನು ಅದರೊಂದಿಗೇ ಯೋಚಿಸಬೇಕಾಗಿತ್ತು. ಸೈಕಲ್ಲಿಗೆ ಹಣ ಹೊಂದಿಸಿದ ಸರಕಾರಕ್ಕೆ ದಾರಿಯ ಅಂಚಿಗೆ ಹಣ ಹೊಂದಿಸುವುದು ಅಸಾಧ್ಯವೇನಲ್ಲ. ಕೇಳುವವರಿರಲಿಲ್ಲ.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಳ್ಳವರ ಮನೆಯ ಮಕ್ಕಳು ಶಾಲೆಗೆ ಹೋಗುವುದು ಕಾರಿನಲ್ಲಿ ಅಥವಾ ಬಸ್ಸಿನಲ್ಲಿ. ಸೈಕಲ್ ಬಡವರದು ಎಂಬ ಭಾವನೆಯೇ ಅದು. ಮುಂಜಾನೆ ಹಾಲು ತರುವವನು, ಪತ್ರಿಕೆ ಹಂಚುವ ಹುಡುಗ, ಅಂಗಡಿಯ ಕೆಲಸದಾಳು, ಬಸದಿಗೆ ಹೂ ತರುವವಳ ಮಗ ಸೈಕಲ್ಲಿನಲ್ಲಿ ಬರುತ್ತಾರೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರು, 32 ಸಾವಿರಕ್ಕೂ ಹೆಚ್ಚು ಪಾದಚಾರಿಗಳು. ತನ್ನ ಮನೆಯ ಬಾಗಿಲಿಗೆ ಬರುವವರೆಗೆ ನೋವು ನೋವಲ್ಲ ಎಂಬ ನಿಲುವು ಅಹಿಂಸೆಯನ್ನು ಹೇಳುವ ಸಮಾಜಕ್ಕೆ ಒಪ್ಪುವಂಥದಲ್ಲ. ಅಲ್ಲದೆ ನೋವು ಆ ಬಾಗಿಲಿಗೂ ಬಂದಿದೆ. ರಸ್ತೆಯ ಅಂಚಿನಲ್ಲಿ ಬರಿಗಾಲಿನಲ್ಲಿ ವಿಹಾರ ಮಾಡುತ್ತಿದ್ದ ಸಾಧು ಸಾಧ್ವಿಯರು ವಾಹನಗಳಿಗೆ ಸಿಕ್ಕಿ ದೇಹ ತ್ಯಜಿಸಿದ ಘಟನೆಗಳು ಗುಜರಾತ್, ರಾಜಸ್ಥಾನಗಳಲ್ಲಿ ಮತ್ತೆ ಮತ್ತೆ ನಡೆದಿವೆ. ಸೈಕಲ್ ತುಳಿಯುವ ಹುಡುಗನೂ ಪಾದಯಾತ್ರೆಯ ತ್ಯಾಗಿಯೂ ಬಳಸುವುದು ರಸ್ತೆಯ ಅದೇ ಅಂಚನ್ನು. ಒಬ್ಬರನ್ನು ಕಾಪಾಡುವ ಅಂಚು ಇನ್ನೊಬ್ಬರನ್ನೂ ಕಾಪಾಡುತ್ತದೆ.

ಶೋಕವನ್ನು ಬೀದಿಗೆ ತರುವುದು ಅನುಚಿತ, ನೊಂದ ತಾಯಿತಂದೆಯರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ಕ್ರೌರ್ಯ ಎಂಬುದು ಮೂರನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಆದ್ದರಿಂದಲೇ ಆ ಕೆಲಸ ಅವರದಲ್ಲ, ನೆರೆಹೊರೆಯವರದು ಎಂದು ಹೇಳಬೇಕಾಗಿದೆ. ನೊಂದವರು ತಾವಾಗಿ ಮುಂದೆ ಬಂದರೆ ಅವರ ಮಾತಿಗೆ ಇರುವ ತೂಕ ಬೇರಾರ ಮಾತಿಗೂ ಇಲ್ಲ. ದೆಹಲಿಯಲ್ಲಿ 2007ರಲ್ಲಿ ಒಬ್ಬ ಹುಡುಗ ಶಾಲೆಯಿಂದ ಮನೆಗೆ ಮರಳುವಾಗ ವಾಹನಕ್ಕೆ ಸಿಕ್ಕಿ, ಯಾರೂ ನೆರವಿಗೆ ಬಾರದೆ ರಸ್ತೆಬದಿಯಲ್ಲಿಯೇ ಪ್ರಾಣಬಿಟ್ಟ. ಅವನ ಬಂಧು ಪೀಯೂಷ್ ತಿವಾರಿ ಮರುವರ್ಷ 'ಸೇವ್‌ಲೈಫ್ ಫೌಂಡೇಶನ್' ಸ್ಥಾಪಿಸಿದರು. ಆ ಸಂಸ್ಥೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಾಯಾಳುವಿಗೆ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ನ್ಯಾಯಾಲಯ ಕಟ್ಟುನಿಟ್ಟಿನ ಬಲ ಕೊಟ್ಟಿತು. ಈ ವಿಷಯದಲ್ಲಿ ತನ್ನದೇ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ. ಒಂದು ಮನೆಯ ಕಣ್ಣೀರು ಕಾನೂನಾಗಿ ಲಕ್ಷಾಂತರ ಅಪರಿಚಿತರಿಗೆ ರಕ್ಷೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಟ್ರಸ್ಟುಗಳು ಮಾಡಬಹುದಾದುದು

ಬಸದಿಗಳ ಟ್ರಸ್ಟುಗಳಿಗೆ ಊರಿನಲ್ಲಿ ಗೌರವವಿದೆ, ಅಧಿಕಾರಿಗಳೊಡನೆ ಪರಿಚಯವಿದೆ, ಪತ್ರ ವ್ಯವಹಾರದ ಅಭ್ಯಾಸವಿದೆ. ನೊಂದ ಕುಟುಂಬವೊಂದಕ್ಕೆ ಒಂಟಿಯಾಗಿ ಸಾಧ್ಯವಾಗದ್ದು ಅವುಗಳಿಗೆ ಸಾಧ್ಯ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿಯಿದೆ. ಮಗುವೊಂದು ಬಿದ್ದ ಸ್ಥಳದ ನಕ್ಷೆ, ಛಾಯಾಚಿತ್ರ, ಅಲ್ಲಿ ಹಿಂದೆ ನಡೆದ ಅವಘಡಗಳ ಪೊಲೀಸ್ ದಾಖಲೆ, ಕೋರುವ ಬದಲಾವಣೆ ಇವಿಷ್ಟನ್ನು ಅರ್ಜಿಯಾಗಿ ಆ ಸಮಿತಿಗೆ ಸಲ್ಲಿಸಿ, ಉತ್ತರ ಬರುವವರೆಗೆ ಬೆನ್ನು ಹತ್ತಬಹುದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿಯಾದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಉಂಟಾದರೆ ಸಂಬಂಧಪಟ್ಟ ಅಧಿಕಾರಿಗೆ ಅಥವಾ ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು 2019ರ ತಿದ್ದುಪಡಿಯ 198ಎ ಕಲಮಿನಲ್ಲಿ ಅವಕಾಶವಿದೆ. ಮೊತ್ತ ಅಲ್ಪವಿರಬಹುದು. ಆದರೆ ರಸ್ತೆಯೂ ತಪ್ಪಿತಸ್ಥವಾಗಬಲ್ಲದೆಂದು ಕಾನೂನು ಒಪ್ಪಿದೆ. ಈ ಕಲಮನ್ನು ಅರ್ಜಿಯಲ್ಲಿ ಎತ್ತಿ ಬರೆಯುವವರು ಬೇಕಾಗಿದ್ದಾರೆ.

ಟ್ರಸ್ಟುಗಳು ತಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಪಂಚಕಲ್ಯಾಣ, ರಥೋತ್ಸವಗಳ ದಿನ ಭಕ್ತರ ಕಾರುಗಳು ರಸ್ತೆಯ ಅಂಚನ್ನೆಲ್ಲ ಆಕ್ರಮಿಸಿ ನಿಲ್ಲುತ್ತವೆ. ಸೈಕಲ್ಲಿನವನು ಅನಿವಾರ್ಯವಾಗಿ ಲಾರಿಗಳ ನಡುವೆ ಇಳಿಯುತ್ತಾನೆ. ವಾಹನಗಳಿಗೆ ಪ್ರತ್ಯೇಕ ಸ್ಥಳ ಗೊತ್ತುಮಾಡುವುದು ಉತ್ಸವದ ಸಿದ್ಧತೆಯ ಒಂದು ಅಂಗವೇ ಆಗಬೇಕು. ಟ್ರಸ್ಟಿನ ಶಾಲೆಯಿದ್ದರೆ ಅದರ ಮುಂದಿನ ರಸ್ತೆಯಲ್ಲಿ ವೇಗ ತಗ್ಗಿಸುವ ರಚನೆಯನ್ನು ಕೇಳುವ ಮೊದಲ ಅರ್ಜಿ ಆ ಟ್ರಸ್ಟಿನದೇ ಆಗಿರಬೇಕು. ಕಬ್ಬಿನ ಹಂಗಾಮು ಮೊದಲಾಗುವ ಮುನ್ನ ಸಮಾಜದ ರೈತರ ಟ್ರೇಲರುಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಕೆಲಸವನ್ನು ಯುವಕ ಮಂಡಳಗಳು ಒಂದು ಭಾನುವಾರದಲ್ಲಿ ಮುಗಿಸಬಲ್ಲವು.

ಸ್ಮಾರಕಗಳ ಬಗೆಗೂ ಒಂದು ಮಾತು ಅಗತ್ಯ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ಸೈಕಲ್ ಸವಾರರೊಬ್ಬರಿಗೆ ವಾಹನ ಬಡಿದ ಸ್ಥಳದಲ್ಲಿ ಬಿಳಿಯ ಬಣ್ಣ ಬಳಿದ ಒಂದು ಸೈಕಲ್ಲನ್ನು ನಿಲ್ಲಿಸಲಾಯಿತು. ಆ ಪದ್ಧತಿ ಇಂದು ಅನೇಕ ದೇಶಗಳಿಗೆ ಹರಡಿದೆ. ಅದರ ಹಿಂದಿನ ವಿವೇಕ ಸರಳವಾದುದು: ನೆನಪು ಎಲ್ಲಿ ಎಚ್ಚರವಾಗಿ ಕೆಲಸ ಮಾಡಬಲ್ಲದೋ ಅಲ್ಲಿಯೇ ಅದನ್ನು ನಿಲ್ಲಿಸಬೇಕು. ಅಗಲಿದ ಮಗುವಿನ ಹೆಸರಿನಲ್ಲಿ ಬಸದಿಯಲ್ಲಿ ಅಮೃತಶಿಲೆಯ ಫಲಕ ಇಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಅದೇ ದಾನದ ಒಂದು ಪಾಲು ಆ ಮಗು ಬಿದ್ದ ತಿರುವಿಗೆ ದೀಪದ ಕಂಬವಾಗಿ, ಅಂಚಿನ ಕಟ್ಟೆಯಾಗಿ, ಬೆನ್ನು ಹತ್ತಿದ ಅರ್ಜಿಯ ಖರ್ಚಾಗಿ ಸಂದರೆ, ದಾನಗಳಲ್ಲಿ ಹಿರಿದೆನಿಸಿದ ಅಭಯದಾನಕ್ಕೆ ಅದು ನಿಜವಾದ ಅರ್ಥ ಕೊಡುತ್ತದೆ.

ಸತ್ತ ಮಗುವನ್ನು ಯಾವ ಚಳವಳಿಯೂ ಮರಳಿ ತರಲಾರದು. ಲಾಂಗೆನ್‌ಹೋಫ್‌ಗೂ ಅದು ತಿಳಿದಿತ್ತು. ಆತ ಬರೆದದ್ದು ಇನ್ನೂ ಬದುಕಿದ್ದ ಮಕ್ಕಳಿಗಾಗಿ, ಮತ್ತು ಆ ಕರೆಯನ್ನು ಎತ್ತಿಕೊಳ್ಳುವ ನೆರೆಯವರು ಆತನಿಗೆ ದೊರೆತರು. ಇಲ್ಲಿನ ಊರುಗಳಲ್ಲಿ ಅಂಥ ತಂದೆತಾಯಿಯರು ಇಲ್ಲದಿಲ್ಲ. ಅವರ ಮನೆಗೆ ಸಾಂತ್ವನ ಹೇಳಲು ಹೋದವರು ಹಿಂತಿರುಗುವಾಗ ಆ ತಿರುವಿನಲ್ಲಿ ಒಂದು ಗಳಿಗೆ ನಿಂತು ರಸ್ತೆಯನ್ನು ನೋಡಲಿ, ಮರುದಿನ ಅರ್ಜಿ ಬರೆಯಲಿ. ಆ ಅರ್ಜಿಗೆ ಮೊದಲ ಸಹಿ ಟ್ರಸ್ಟಿನ ಅಧ್ಯಕ್ಷರದಾಗಲಿ.